ಕಾಡಂಚಿನ ರೆಸಾರ್ಟೋ, ಪೇಟೆಯ ಲಾಡ್ಜೋ?

ರಾತ್ರಿ 9 ಗಂಟೆಗೆ ಮದ್ದೂರು ಮತ್ತು ಮೇಲುಕಾಮನಹಳ್ಳಿಯ ತಪಾಸಣಾ ಠಾಣೆಗಳಲ್ಲಿ ಗೇಟು ಬೀಳುತ್ತದೆ. ಸುಲ್ತಾನ್ ಬತ್ತೇರಿಗೆ ಹೊರಟವರಾಗಲಿ, ಊಟಿಗೆ ಹೊರಟವರಾಗಲಿ, ಹತ್ತು ನಿಮಿಷ ತಡವಾದರೂ ಅಲ್ಲಿಂದ ಮುಂದಕ್ಕೆ ದಾರಿಯಿಲ್ಲ. ತುರ್ತು ವಾಹನಗಳು ಮತ್ತು ಅನುಮತಿ ಪಡೆದ ಬೆರಳೆಣಿಕೆಯ ಬಸ್ಸುಗಳನ್ನು ಬಿಟ್ಟರೆ, ಬೆಳಗಿನ 6 ಗಂಟೆಯವರೆಗೆ ಬಂಡೀಪುರದ ನಡುವಿನ ಹೆದ್ದಾರಿ ಆನೆಗೆ, ಜಿಂಕೆಗೆ, ಕಾಡುಪಾಪಕ್ಕೆ ಸೇರಿದ್ದು. ಹಿಂದಿರುಗಿದ ವಾಹನಗಳು ಗುಂಡ್ಲುಪೇಟೆಯ ಹಾದಿ ಹಿಡಿಯುತ್ತವೆ. ಅಲ್ಲಿ ಅವರಿಗಾಗಿ ದೀಪ ಹಚ್ಚಿಕೊಂಡು ಕಾದಿರುವುದು ಹೊಸ ಮಾದರಿಯ, ಕಡಿಮೆ ದರದ ಹೋಟೆಲು.

ಹಳೆಯ ಲಾಡ್ಜುಗಳ ಮಬ್ಬು ಬಲ್ಬು, ಬಣ್ಣಗೆಟ್ಟ ಬಕೆಟ್ಟು, ಮಾಸಿದ ಹೊದಿಕೆಗಳ ಕಾಲ ಇಲ್ಲಿ ಮುಗಿಯುತ್ತ ಬಂದಿದೆ. ಬಿಳಿಯ ಹಾಸು, ಗೋಡೆಯ ಮೇಲೆ ಹುಲಿಯ ಚಿತ್ರ, ವೈ-ಫೈ, ಮೊಬೈಲಿನಲ್ಲೇ ಕಾಯ್ದಿರಿಸುವ ಸೌಕರ್ಯ, ಚಿಕ್ಕದಾದರೂ ಚೊಕ್ಕಟವಾದ ಕೊಠಡಿ ಇವು ಹೊಸ ಹೋಟೆಲಿನ ಲಕ್ಷಣಗಳು. ಐಷಾರಾಮಿ ರೆಸಾರ್ಟಿನ ಒಂದು ರಾತ್ರಿಯ ಬಾಡಿಗೆಯಲ್ಲಿ ಇಲ್ಲಿ ಒಂದು ಕುಟುಂಬ ನಾಲ್ಕಾರು ದಿನ ತಂಗಬಹುದು. ಬೆಂಗಳೂರಿನ ಯುವ ನೌಕರರು, ವಯನಾಡಿಗೆ ಮರಳುವ ಕುಟುಂಬಗಳು, ತರಕಾರಿ ಕೊಳ್ಳಲು ಬಂದ ವ್ಯಾಪಾರಿಗಳು, ಬೀಜ ಗೊಬ್ಬರದ ಕಂಪನಿಗಳ ಪ್ರತಿನಿಧಿಗಳು ಎಲ್ಲರೂ ಒಂದೇ ಮೊಗಸಾಲೆಯಲ್ಲಿ ಕೀಲಿಗಾಗಿ ಕಾಯುವುದನ್ನು ಕಾಣಬಹುದು.

ಪರಿಸರ ಚಳವಳಿಗೆ ಈ ಹೋಟೆಲಿನ ಬಗ್ಗೆ ಒಂದು ನಿಲುವಿಲ್ಲ. ಪ್ರವಾಸೋದ್ಯಮವೆಂದರೆ ಒಟ್ಟಾರೆ ಕೇಡು ಎಂಬ ಭಾವನೆಯಿಂದ ಕಾಡಂಚಿನ ರೆಸಾರ್ಟನ್ನೂ ಪೇಟೆಯ ಲಾಡ್ಜನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಪರಿಪಾಠ ಬೆಳೆದಿದೆ. ಈ ಪರಿಪಾಠ ತಪ್ಪು ಮಾತ್ರವಲ್ಲ, ಕಾಡಿಗೆ ಹಾನಿಕರವೂ ಹೌದು. ಬಂಡೀಪುರವನ್ನು ನೋಡಲು ಜನ ಬರುವುದನ್ನು ಯಾರಿಂದಲೂ ತಡೆಯಲಾಗದು, ತಡೆಯಬೇಕಾಗಿಯೂ ಇಲ್ಲ. ಬಂದವರು ರಾತ್ರಿ ಎಲ್ಲಿ ಮಲಗುತ್ತಾರೆ ಎಂಬುದೇ ನಿಜವಾದ ಪ್ರಶ್ನೆ.

ಮುಚ್ಚಿದ ಗೇಟು ತೆರೆದ ಬಾಗಿಲು

ಬಂಡೀಪುರದ ರಾತ್ರಿ ಸಂಚಾರ ನಿಷೇಧದ ಕಥೆ ಓದುಗರಿಗೆ ಹೊಸದಲ್ಲ. ವಾಹನಗಳಿಗೆ ಸಿಕ್ಕಿ ವನ್ಯಜೀವಿಗಳು ಸಾಯುತ್ತಿದ್ದುದನ್ನು ಮನಗಂಡು ಚಾಮರಾಜನಗರ ಜಿಲ್ಲಾಡಳಿತ 2009ರಲ್ಲಿ ನಿಷೇಧದ ಆದೇಶ ಹೊರಡಿಸಿತು. ಹಿಂತೆಗೆತ, ಮರುಜಾರಿ, ವ್ಯಾಜ್ಯಗಳ ನಂತರ 2010ರ ಮಾರ್ಚ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಂದಿನಿಂದ ಇಂದಿನವರೆಗೆ ನಿಷೇಧವನ್ನು ತೆಗೆಸುವ ಒತ್ತಡ ಮತ್ತೆ ಮತ್ತೆ ಬಂದಿದೆ. 2019ರಲ್ಲಿ ವಯನಾಡಿನಲ್ಲಿ ದೊಡ್ಡ ಪ್ರತಿಭಟನೆಯೇ ನಡೆಯಿತು. ರಸ್ತೆ ಮುಚ್ಚಿದರೆ ವ್ಯಾಪಾರ ಹಾಳಾಗುತ್ತದೆ ಎಂಬುದು ವಿರೋಧಿಗಳ ಮುಖ್ಯ ವಾದ.

ಆದರೆ ಗುಂಡ್ಲುಪೇಟೆಯಲ್ಲಿ ಕಣ್ಣಿಗೆ ಕಾಣುವುದು ಇದರ ವಿರುದ್ಧದ ಚಿತ್ರ. ವಯನಾಡಿಗೆ ಹೋಗುವ ಹೆದ್ದಾರಿಯೂ ನೀಲಗಿರಿಗೆ ಹೋಗುವ ಹೆದ್ದಾರಿಯೂ ಕವಲೊಡೆಯುವುದು ಇದೇ ಊರಿನಲ್ಲಿ. ಗೇಟಿಲ್ಲದ ಕಾಲದಲ್ಲಿ ಪ್ರಯಾಣಿಕರು ಇಲ್ಲಿ ಒಂದು ಚಹಾ ಕುಡಿದು ಮುಂದೆ ಸಾಗುತ್ತಿದ್ದರು. ಗೇಟು ಬಿದ್ದ ಮೇಲೆ ತಡವಾದವರು ಇಲ್ಲೇ ಊಟ ಮಾಡಿ, ಇಲ್ಲೇ ಮಲಗಿ, ಬೆಳಗ್ಗೆ ಇಲ್ಲೇ ಇಡ್ಲಿ ತಿಂದು ಹೊರಡುತ್ತಾರೆ. ಕಾಡಿಗೆ ಒಂಬತ್ತು ತಾಸಿನ ವಿಶ್ರಾಂತಿ ಸಿಕ್ಕಿದ್ದರಿಂದ ಊರಿಗೆ ರಾತ್ರಿಯ ವ್ಯಾಪಾರ ಸಿಕ್ಕಿತು. ಸಂರಕ್ಷಣೆ ಮತ್ತು ಸ್ಥಳೀಯರ ಹೊಟ್ಟೆಪಾಡು ಪರಸ್ಪರ ಶತ್ರುಗಳೆಂದು ಭಾಷಣ ಮಾಡುವವರು ಒಂದು ರಾತ್ರಿ ಹತ್ತು ಗಂಟೆಗೆ ಗುಂಡ್ಲುಪೇಟೆಯ ಹೆದ್ದಾರಿ ಬದಿಯಲ್ಲಿ ನಿಂತು ನೋಡುವುದು ಒಳ್ಳೆಯದು.

ಇದನ್ನು ಪರಿಸರ ಚಳವಳಿ ಗಟ್ಟಿಯಾಗಿ ಹೇಳಿಲ್ಲ. ನಿಷೇಧದ ಪರವಾಗಿ ಆನೆಯ, ಹುಲಿಯ ಹೆಸರಿನಲ್ಲಿ ವಾದಿಸಲಾಯಿತೇ ಹೊರತು ಲಾಡ್ಜಿನ ಮಾಲೀಕನನ್ನು, ಅಡುಗೆಯವನನ್ನು, ಆಟೋ ಚಾಲಕನನ್ನು ಆ ವಾದದೊಳಗೆ ಕರೆದುಕೊಳ್ಳಲಿಲ್ಲ. ಗೇಟಿನ ಪರವಾಗಿ ನಿಲ್ಲಬಹುದಾದ ನೂರಾರು ಮಂದಿ ಊರಿನಲ್ಲೇ ಇದ್ದರೂ ಅವರ ಬಳಿ ಯಾರೂ ಹೋಗಿ ಮಾತನಾಡಿಲ್ಲ.

ನೀರಿನ ಲೆಕ್ಕ

ಗುಂಡ್ಲುಪೇಟೆ ತಾಲ್ಲೂಕು ಪಶ್ಚಿಮಘಟ್ಟದ ಮಳೆನೆರಳಿನ ಸೀಮೆ. ನೀಲಗಿರಿಯ ಆಚೆಬದಿಯಲ್ಲಿ ಮುಂಗಾರು ಸುರಿಯುವಾಗ ಇಲ್ಲಿ ಗಾಳಿ ಬೀಸುತ್ತದೆ. ಏಪ್ರಿಲ್–ಮೇ ತಿಂಗಳ ಮಳೆ ಮತ್ತು ಸೆಪ್ಟೆಂಬರ್–ಅಕ್ಟೋಬರ್ ತಿಂಗಳ ಮಳೆ ಎಂಬ ಎರಡು ಆಸರೆಗಳ ಮೇಲೆ ಇಲ್ಲಿಯ ಬೇಸಾಯ ನಿಂತಿದೆ. ತಳದಲ್ಲಿ ಗಟ್ಟಿ ಬಂಡೆ. ಬಿರುಕುಗಳಲ್ಲಿ ಸಿಕ್ಕಷ್ಟೇ ನೀರು. ಅಂತರ್ಜಲ ಇಲಾಖೆಗಳ ಮೌಲ್ಯಮಾಪನಗಳಲ್ಲಿ ಈ ತಾಲ್ಲೂಕು ಅತಿ ಬಳಕೆಯ ಪಟ್ಟಿಯಲ್ಲಿ ಕಾಣಿಸಿಕೊಂಡಿದೆ. ಮಳೆ ತುಂಬಿಸಿದ್ದಕ್ಕಿಂತ ಹೆಚ್ಚು ನೀರನ್ನು ಕೊಳವೆಬಾವಿಗಳು ಎತ್ತುತ್ತಿವೆ ಎಂಬುದು ಅದರ ಅರ್ಥ. ಇಂಥ ಊರಿನಲ್ಲಿ ಪ್ರತಿಯೊಂದು ಹೊಸ ಹಾಸಿಗೆಯೂ ನೀರಿನ ಪ್ರಶ್ನೆಯೇ.

ಆದ್ದರಿಂದ ಲೆಕ್ಕ ಹಾಕಿಯೇ ನೋಡಬೇಕು. ಹೋಟೆಲಿನ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ನೀರು ಬೇಕೆಂಬುದು ಭಾರತೀಯ ಮಾನಕ ಬ್ಯೂರೋ ಗೊತ್ತುಪಡಿಸಿದ ಪ್ರಮಾಣ. ಜಲಜೀವನ ಮಿಷನ್ ಯೋಜನೆಯಲ್ಲಿ ಹಳ್ಳಿಯ ಒಬ್ಬ ವ್ಯಕ್ತಿಗೆ ಗೊತ್ತುಪಡಿಸಿರುವುದು 55 ಲೀಟರ್. 20 ಕೊಠಡಿಗಳ, 40 ಹಾಸಿಗೆಗಳ ಒಂದು ಹೋಟೆಲು ತುಂಬಿದ ದಿನ 7,200 ಲೀಟರ್ ಬಳಸುತ್ತದೆ. ಇದು ಹಳ್ಳಿಯ 130 ಜನರ ಪಾಲು. ಅಲ್ಲಗಳೆಯುವ ಸಂಖ್ಯೆಯಲ್ಲ.

ಆದರೂ ಈ ಸಂಖ್ಯೆಯನ್ನು ಹೊಲದ ಪಕ್ಕದಲ್ಲಿಟ್ಟು ನೋಡದಿದ್ದರೆ ಅನ್ಯಾಯವಾಗುತ್ತದೆ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಿಸಲು ಸುಮಾರು 4,047 ಲೀಟರ್ ಬೇಕು. ಬಾಳೆಗೆ, ಮಳೆಯ ನೀರೂ ಸೇರಿ, ವರ್ಷಕ್ಕೆ 1,800 ಮಿಲಿಮೀಟರ್ ಎಂದಿಟ್ಟುಕೊಂಡರೆ ಒಂದು ಎಕರೆಗೆ ಸುಮಾರು 73 ಲಕ್ಷ ಲೀಟರ್ ಆಯಿತು. ವರ್ಷದ ಅಷ್ಟೂ ದಿನ ತುಂಬಿದ್ದರೂ ಮೇಲೆ ಹೇಳಿದ ಹೋಟೆಲಿನ ಕೊಠಡಿಗಳ ಬಳಕೆ 26 ಲಕ್ಷ ಲೀಟರ್ ಮಾತ್ರ. ಅಂದರೆ ಒಂದು ಎಕರೆ ಬಾಳೆಯ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಗುಂಡ್ಲುಪೇಟೆಯ ಅಂತರ್ಜಲವನ್ನು ಬರಿದು ಮಾಡಿದ್ದು ಲಾಡ್ಜುಗಳ ಸ್ನಾನದ ಮನೆಗಳು ಎಂದು ಯಾರಾದರೂ ಹೇಳಿದರೆ ಅದು ನಿಜವಲ್ಲ.

ಈಗ ಅದೇ 40 ಹಾಸಿಗೆಗಳನ್ನು ಕಾಡಂಚಿನ ರೆಸಾರ್ಟಿಗೆ ಒಯ್ಯೋಣ. ಅಲ್ಲಿ ಅತಿಥಿಗೆ ಕೊಠಡಿಯೊಂದಿಗೆ ಹಸಿರು ನೋಟವನ್ನೂ ಮಾರಲಾಗುತ್ತದೆ. ಬೇಸಗೆಯ ಬಿಸಿಲಿನಲ್ಲಿ ಹುಲ್ಲುಹಾಸು ದಿನಕ್ಕೆ 5 ಮಿಲಿಮೀಟರಿನಷ್ಟು ನೀರನ್ನು ಆವಿಯಾಗಿ ಬಿಡುತ್ತದೆ. ಒಂದು ಎಕರೆ ಹುಲ್ಲುಹಾಸನ್ನು ಹಸಿರಾಗಿಡಲು ದಿನವೊಂದಕ್ಕೆ 20,000 ಲೀಟರಿಗೂ ಹೆಚ್ಚು ನೀರು ಹಾಯಿಸಬೇಕು. ಕೊಠಡಿಗಳ ಬಳಕೆಯ ಮೂರರಷ್ಟಕ್ಕೆ ಇದು ಹತ್ತಿರ. ಎರಡನ್ನೂ ಕೂಡಿಸಿದರೆ ಒಂದು ಹಾಸಿಗೆಗೆ 180 ಲೀಟರಿನ ಬದಲು ಸುಮಾರು 685 ಲೀಟರ್ ಬೀಳುತ್ತದೆ. ಈಜುಕೊಳದ ನೀರು ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ. ಫೆಬ್ರುವರಿಯಿಂದ ಮೇ ತಿಂಗಳವರೆಗೆ ಕಾಡಿನ ಕೆರೆಕಟ್ಟೆಗಳು ಒಣಗಿ, ಅರಣ್ಯ ಇಲಾಖೆ ಸೌರ ಪಂಪುಗಳಿಂದ ನೀರುಗುಂಡಿ ತುಂಬಿಸಬೇಕಾಗುವ ದಿನಗಳಲ್ಲೇ ಈ ಹುಲ್ಲಿಗೆ ಅತಿ ಹೆಚ್ಚು ನೀರು ಬೇಕಾಗುತ್ತದೆ. ಗೇಟಿನ ಹೊರಗೆ ಹಸಿರು ಹುಲ್ಲು, ತಿಳಿನೀರು ಕಂಡರೆ ಬಾಯಾರಿದ ಜಿಂಕೆ ಮತ್ತು ಆನೆ ಎತ್ತ ತಿರುಗುತ್ತವೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿಪರ್ಯಾಸವೆಂದರೆ ಹುಲ್ಲುಹಾಸನ್ನು ನೋಡಲು ಯಾರೂ ಕೇರಳದಿಂದ ಗುಂಡ್ಲುಪೇಟೆಗೆ ಬರುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಹೆದ್ದಾರಿಯ ಎರಡೂ ಬದಿಯಲ್ಲಿ ಅರಳುವ ಸೂರ್ಯಕಾಂತಿ ಮತ್ತು ಚೆಂಡುಹೂವಿನ ಹೊಲಗಳ ಮುಂದೆ ಕಾರುಗಳು ಸಾಲಾಗಿ ನಿಲ್ಲುತ್ತವೆ. ಕೆಲವು ರೈತರು ಹೊಲದೊಳಗೆ ಚಿತ್ರ ತೆಗೆಸಿಕೊಳ್ಳಲು ಸಣ್ಣ ಶುಲ್ಕ ಪಡೆಯುವುದುಂಟು. ಬೇಸಗೆಯ ಮಳೆಗೆ ಬಿತ್ತಿದ ಸೂರ್ಯಕಾಂತಿ ಹೆಚ್ಚಿನ ಪಾಲು ಮಳೆಯ ನೀರಿನಲ್ಲೇ ಬೆಳೆಯುತ್ತದೆ, ನೋಟದ ಜೊತೆಗೆ ಎಣ್ಣೆಯನ್ನೂ ಕೊಡುತ್ತದೆ. ರೈತ ಬೆಳೆದ ನೋಟ ಹೊರಗೆ ಬಿಟ್ಟಿಯಾಗಿ ದೊರೆಯುವಾಗ ಕೊಳವೆಬಾವಿಯ ನೀರಿನಿಂದ ನಕಲಿ ನೋಟವೊಂದನ್ನು ಸೃಷ್ಟಿಸುವುದು ಯಾವ ಜಾಣತನ?

ಜಮೀನು ಯಾರದು, ಅತಿಥಿ ಯಾರವನು?

ಬಂಡೀಪುರದ ಸುತ್ತಲ ನೂರಕ್ಕೂ ಹೆಚ್ಚು ಗ್ರಾಮಗಳ ಪ್ರದೇಶವನ್ನು ಕೇಂದ್ರ ಸರ್ಕಾರ 2012ರ ಅಕ್ಟೋಬರ್‌ನಲ್ಲಿ ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿತು. ಅದೇ ತಿಂಗಳು, ಸರ್ವೋಚ್ಚ ನ್ಯಾಯಾಲಯದ ಸೂಚನೆಯ ಹಿನ್ನೆಲೆಯಲ್ಲಿ, ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಪ್ರವಾಸೋದ್ಯಮ ಮಾರ್ಗಸೂಚಿಗಳೂ ಹೊರಬಂದವು. ಹುಲಿ ನೆಲೆಯ ಒಳಭಾಗದಲ್ಲಿ ಹೊಸ ವಸತಿ ಕಟ್ಟಡಗಳು ಬೇಡ, ಇದ್ದವನ್ನೂ ಹಂತಹಂತವಾಗಿ ಹೊರಕ್ಕೆ ತರಬೇಕು ಎಂಬುದು ಅವುಗಳ ಆಶಯ. ಕಾನೂನಿನ ಬೇಲಿ ಹೀಗೆ ಗಟ್ಟಿಯಾಗುತ್ತಿರುವಾಗಲೇ ಮತ್ತೊಂದು ಬಾಗಿಲು ತೆರೆಯಿತು. ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು 2020ರ ತಿದ್ದುಪಡಿ ಕಿತ್ತುಹಾಕಿತು. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಲು ಇದ್ದ ಅಡ್ಡಿ ನಿವಾರಣೆಯಾಯಿತು. ಕಾಡಿಗೆ ಅಂಟಿಕೊಂಡ ಹೊಲಕ್ಕೆ ಇಂದು ಬೆಲೆ ಕಟ್ಟುವುದು ಅಲ್ಲಿ ಬೆಳೆಯುವ ರಾಗಿ, ಜೋಳಗಳಲ್ಲ. ಅಲ್ಲಿಂದ ಕಾಣುವ ಬೆಟ್ಟ.

ಇಲ್ಲಿ ಚಳವಳಿಯವರು ಎದುರಿಸಲೇಬೇಕಾದ ಒಂದು ಕಠಿಣ ಪ್ರಶ್ನೆಯಿದೆ. ಕಾಡಂಚಿನ ರೈತ ರಾತ್ರಿಯಿಡೀ ಅಟ್ಟಣೆಯ ಮೇಲೆ ಕುಳಿತು ಕಾಡುಹಂದಿಯನ್ನು ಓಡಿಸುತ್ತಾನೆ. ಒಂದು ರಾತ್ರಿ ಕಣ್ಣು ಮುಚ್ಚಿದರೆ ಆನೆಯ ಹಿಂಡು ಬಾಳೆಯ ತೋಟವನ್ನು ಮುಗಿಸಿರುತ್ತದೆ. ಜಾನುವಾರನ್ನು ಹುಲಿ ಹೊತ್ತೊಯ್ಯುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದ ಗ್ರಾಮಸ್ಥರು ಹುಲಿ ಹಿಡಿಯಲು ಇಟ್ಟಿದ್ದ ಬೋನಿನಲ್ಲಿ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಆ ಕೃತ್ಯವನ್ನು ಸಮರ್ಥಿಸಲಾಗದು. ಆದರೆ ಅದರ ಹಿಂದಿದ್ದ ಹತಾಶೆಯನ್ನು ಕಡೆಗಣಿಸಲೂ ಆಗದು. ಇಂಥ ರೈತನಿಗೆ ಕಾಡಿನಿಂದ ಬರುವುದು ಬರಿಯ ನಷ್ಟ. ಅದೇ ಕಾಡನ್ನು ತೋರಿಸಿ ಲಾಭ ಪಡೆಯುವವನು ಬೇರೊಬ್ಬ. ಹೀಗಿರುವಾಗ ರೈತನೂ ನಾಲ್ಕು ಕೊಠಡಿ ಕಟ್ಟಿ ಅತಿಥಿಗಳನ್ನು ಇರಿಸಿಕೊಂಡರೆ ಬೇಡವೆನ್ನುವ ಹಕ್ಕು ಯಾರಿಗಿದೆ?

ಯಾರಿಗೂ ಇಲ್ಲ. ಆದರೆ ಹೋಂಸ್ಟೇ ಎಂಬ ಪದದ ಅರ್ಥವನ್ನು ಕಾಪಾಡುವ ಹಕ್ಕು ಎಲ್ಲರಿಗೂ ಇದೆ. ಮನೆಯ ಯಜಮಾನ ಕುಟುಂಬಸಮೇತ ಅಲ್ಲೇ ವಾಸವಾಗಿದ್ದು ಕೆಲವೇ ಕೊಠಡಿಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟರೆ ಅದು ಹೋಂಸ್ಟೇ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯೂ ಹೆಚ್ಚೆಂದರೆ 6 ಕೊಠಡಿ, 12 ಹಾಸಿಗೆ ಎಂದು ಮಿತಿ ಹಾಕಿದೆ. ಮಾಲೀಕನ ವಾಸವನ್ನು ಕಡ್ಡಾಯ ಮಾಡಿದೆ. ಬೇರೆ ಊರಿನಲ್ಲಿರುವವರು ಜಮೀನು ಕೊಂಡು, ವ್ಯವಸ್ಥಾಪಕನೊಬ್ಬನನ್ನು ಇರಿಸಿ, ಧ್ವನಿವರ್ಧಕ, ಶಿಬಿರಾಗ್ನಿ, ಪ್ರಖರ ದೀಪಗಳೊಂದಿಗೆ ನಡೆಸುವುದಕ್ಕೆ ಬೇರೆ ಹೆಸರು ಇರಬೇಕು. ರೈತನ ಮನೆಯ ಅತಿಥಿ ಉಪ್ಸಾರು ಮುದ್ದೆ ಉಂಡು ಕತ್ತಲಾದ ಮೇಲೆ ಮನೆಯೊಳಗೆ ಇರುತ್ತಾನೆ. ಇಂಥ ಮನೆ ಕಾಡಂಚಿನಲ್ಲಿ ಮೊದಲಿನಿಂದ ಇದ್ದೇ ಇದೆ. ಅದು ಆನೆಯ ದಾರಿಗೆ ಹೊಸದಾಗಿ ಅಡ್ಡ ಬರುವುದಿಲ್ಲ.

ಹೊಸದಾಗಿ ಅಡ್ಡ ಬಂದವುಗಳ ಗತಿ ಏನಾಗುತ್ತದೆ ಎಂಬುದಕ್ಕೆ ನೆರೆಯ ಮಸಿನಗುಡಿಯ ಉದಾಹರಣೆ ಸಾಕು. ಬಂಡೀಪುರದ ಗಡಿಯಾಚೆ, ನೀಲಗಿರಿಯ ಸೀಗೂರು ಪ್ರಸ್ಥಭೂಮಿಯಲ್ಲಿ ಆನೆ ಪಥದೊಳಗೆ ಬೆಳೆದಿದ್ದ 27 ರೆಸಾರ್ಟುಗಳಿಗೆ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2018ರ ಆಗಸ್ಟ್‌ನಲ್ಲಿ ಬೀಗಮುದ್ರೆ ಬಿತ್ತು. 2020ರ ಅಕ್ಟೋಬರ್‌ನ ತೀರ್ಪು ಆನೆ ಪಥದ ಅಧಿಸೂಚನೆಯನ್ನು ಎತ್ತಿಹಿಡಿಯಿತು. ಹಣ ಹೂಡಿದವರೂ ನಷ್ಟ ಅನುಭವಿಸಿದರು, ಅಲ್ಲಿ ದುಡಿಯುತ್ತಿದ್ದವರೂ ಕೆಲಸ ಕಳೆದುಕೊಂಡರು. ಮೊದಲೇ ತಡೆದಿದ್ದರೆ ಈ ನೋವು ಯಾರಿಗೂ ಬರುತ್ತಿರಲಿಲ್ಲ.

ಕಾಡಂಚಿನ ವಸತಿ ಉದ್ಯಮಕ್ಕೆ ಇನ್ನೊಂದು ದೌರ್ಬಲ್ಯವೂ ಇದೆ. ಅದು ಪೂರ್ತಿಯಾಗಿ ಹುಲಿಯ ಮೇಲೆ ನಿಂತಿದೆ. 2025ರ ನವೆಂಬರ್‌ನಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ ಸರ್ಕಾರ ಬಂಡೀಪುರ ಮತ್ತು ನಾಗರಹೊಳೆಗಳಲ್ಲಿ ಸಫಾರಿಯನ್ನು ಸ್ಥಗಿತಗೊಳಿಸಿತು. ಸಫಾರಿಗೆಂದೇ ಕಟ್ಟಿದ ಕೊಠಡಿಗೆ ಸಫಾರಿ ಇಲ್ಲದ ದಿನ ಅತಿಥಿಯಿಲ್ಲ. ಪೇಟೆಯ ಹೋಟೆಲಿಗೆ ಹಾಗಲ್ಲ. ತೆರಕಣಾಂಬಿಯ ಮಾರುಕಟ್ಟೆಗೆ ಬಂದ ವ್ಯಾಪಾರಿ, ಮದುವೆಗೆ ಬಂದ ನೆಂಟರು, ಗೋಪಾಲಸ್ವಾಮಿ ಬೆಟ್ಟಕ್ಕೆ ಹರಕೆ ಹೊತ್ತವರು, ಗೇಟಿನ ಹೊತ್ತಿಗೆ ತಡವಾದವರು ಇವರೆಲ್ಲ ಹುಲಿ ಕಂಡರೂ ಕಾಣದಿದ್ದರೂ ಬರುತ್ತಾರೆ.

ಪೇಟೆಯ ಹೋಟೆಲೂ ನಿರ್ದೋಷಿಯಲ್ಲ

ಇಷ್ಟು ಹೇಳಿದ ಮೇಲೆ ಪೇಟೆಯ ಹೋಟೆಲನ್ನು ತಲೆಯ ಮೇಲೆ ಹೊತ್ತು ಮೆರೆಸಬೇಕಾಗಿಲ್ಲ. ಅದರ ತಪ್ಪುಗಳು ಬೇರೆ ಬಗೆಯವು. ಪ್ರತಿ ಕೊಠಡಿಗೆ ದಿನಕ್ಕೆ ಎರಡು ನೀರಿನ ಬಾಟಲಿ ಇಡುವುದು ಆಧುನಿಕತೆಯ ಗುರುತೆಂದು ಭಾವಿಸಲಾಗಿದೆ. 20 ಕೊಠಡಿಗಳಿಗೆ ವರ್ಷಕ್ಕೆ 14,600 ಬಾಟಲಿಗಳಾದವು. ಅವು ಬೆಳಗ್ಗೆ ಅತಿಥಿಯ ಕಾರನ್ನೇರಿ ಹೊರಡುತ್ತವೆ. ಅವುಗಳಲ್ಲಿ ಎಷ್ಟೋ ಬಂಡೀಪುರದ ರಸ್ತೆಬದಿಯಲ್ಲಿ ಇಳಿಯುತ್ತವೆ. ಉಪ್ಪಿನ ರುಚಿ ಹತ್ತಿದ ತಿಂಡಿಯ ಪೊಟ್ಟಣಗಳನ್ನು ಜಿಂಕೆ, ಆನೆಗಳು ನುಂಗುವುದು ಹೊಸ ಸಂಗತಿಯೇನಲ್ಲ.

ಅಡುಗೆ ಮನೆಯ ಎಂಜಲು ಎರಡನೆಯ ಸಮಸ್ಯೆ. ಊರ ಹೊರಗೆ ಸುರಿದ ಎಂಜಲಿಗೆ ನಾಯಿಗಳು ಸೇರುತ್ತವೆ, ನಾಯಿಗಳ ಬೆನ್ನುಹತ್ತಿ ಚಿರತೆ ಬರುತ್ತದೆ. ಕೈಬಿಟ್ಟ ಕಲ್ಲುಗಣಿಗಳ ಪೊದೆಗಳಲ್ಲಿ ಅಡಗಲು ಅದಕ್ಕೆ ಬೇಕಾದಷ್ಟು ಜಾಗವಿದೆ. ಆಮೇಲೆ ಚಿರತೆ ಊರಿಗೆ ನುಗ್ಗಿತು ಎಂಬ ಸುದ್ದಿ. ಊರೇ ಅದನ್ನು ಕರೆದಿತ್ತು ಎಂಬ ಮಾತು ಆ ಸುದ್ದಿಯಲ್ಲಿ ಇರುವುದಿಲ್ಲ.

ಮೂರನೆಯದು ಶೌಚದ ನೀರು. ಒಳಚರಂಡಿಯ ಸಂಪರ್ಕವಿಲ್ಲದ ಕಡೆ ಇಪ್ಪತ್ತು ಕೊಠಡಿಗಳ ಶೌಚವನ್ನು ಒಂದು ಗುಂಡಿಗೆ ಬಿಟ್ಟರೆ, ಬಂಡೆಯ ಬಿರುಕುಗಳ ಮೂಲಕ ಅದು ನೆರೆಯ ಕೊಳವೆಬಾವಿಗೆ ತಲುಪಬಹುದು. ನಾಲ್ಕನೆಯದು ಸ್ನಾನದ ಬಿಸಿನೀರು. ಬಿಸಿಲಿಗೆ ಕೊರತೆಯಿಲ್ಲದ ಈ ಸೀಮೆಯಲ್ಲಿ ಸೌದೆಯ ಹಂಡೆಗೆ ಬೆಂಕಿ ಹಾಕುವ ಹೋಟೆಲು ಕಾಡಿನ ಸೌದೆಯನ್ನೇ ಉರಿಸುತ್ತಿರಬಹುದು. 2019ರ ಫೆಬ್ರುವರಿಯ ಕಾಳ್ಗಿಚ್ಚಿನಲ್ಲಿ ಬಂಡೀಪುರದ ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟುಹೋಗಿದೆ. ಉಳಿದ ಕಾಡಿನ ಮೇಲೆ ಸೌದೆಯ ಹೊರೆಯನ್ನು ಹೊರಿಸುವುದು ಸರಿಯಲ್ಲ.

ಇನ್ನೊಂದು ಆಕ್ಷೇಪವನ್ನೂ ಒಪ್ಪಬೇಕು. ಪೇಟೆಯಲ್ಲಿ ಮಲಗಿದ ಅತಿಥಿ ಬೆಳಗ್ಗೆ ಸ್ವಂತ ಕಾರಿನಲ್ಲಿ ಸುಮಾರು 20 ಕಿ.ಮೀ. ದೂರದ ಬಂಡೀಪುರಕ್ಕೆ ಹೋಗುತ್ತಾನೆ. ರಸ್ತೆಯ ಮೇಲೆ ವಾಹನ ಹೆಚ್ಚುತ್ತದೆ. ನಡುದಾರಿಯಲ್ಲಿ ಇಳಿದು ಆನೆಯೊಂದಿಗೆ ಚಿತ್ರ ತೆಗೆಸಿಕೊಳ್ಳುವ ಹುಚ್ಚೂ ಇದೆ. 2025ರ ಆಗಸ್ಟ್‌ನಲ್ಲಿ ಹಾಗೆ ಮಾಡಲು ಹೋದವನೊಬ್ಬನನ್ನು ಆನೆ ಅಟ್ಟಿಸಿಕೊಂಡು ಹೋಗಿ ಕೆಡವಿತು. ಅರಣ್ಯ ಇಲಾಖೆ ಅವನಿಗೆ 25,000 ರೂಪಾಯಿ ದಂಡ ವಿಧಿಸಿತು. ಇದಕ್ಕೆ ಪರಿಹಾರ ಕಣ್ಣ ಮುಂದೆಯೇ ಇದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ನಿಲ್ಲಿಸಿ, ಬುಡದಿಂದ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿಯೇ ಜನರನ್ನು ಕರೆದೊಯ್ಯುವ ವ್ಯವಸ್ಥೆಯನ್ನು ಮೊದಲು ಎಷ್ಟೋ ಜನ ಗೊಣಗಿದರೂ ನಂತರ ಒಪ್ಪಿಕೊಂಡರು. ಅದೇ ಬಸ್ಸನ್ನು ಬೆಟ್ಟದ ಬುಡದ ಬದಲು ಗುಂಡ್ಲುಪೇಟೆಯ ನಿಲ್ದಾಣದಿಂದಲೇ ಸಫಾರಿಯ ಕೇಂದ್ರಕ್ಕೂ ಏಕೆ ಓಡಿಸಬಾರದು?

ಚಾಮರಾಜನಗರದ ಅವಕಾಶ

ಗುಂಡ್ಲುಪೇಟೆಗೆ ಹೆದ್ದಾರಿಯ ಅದೃಷ್ಟವಿದೆ. ಜಿಲ್ಲಾ ಕೇಂದ್ರವಾದ ಚಾಮರಾಜನಗರಕ್ಕೆ ಆ ಅದೃಷ್ಟ ಅಷ್ಟಿಲ್ಲ. ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆ ಎಂಬ ಮೂಢನಂಬಿಕೆಯಿಂದ ದೊಡ್ಡವರು ದೂರ ಉಳಿದ ಕಾಲವಿತ್ತು. ಸಿದ್ದರಾಮಯ್ಯನವರು ಹಲವು ಬಾರಿ ಬಂದು ಅದನ್ನು ಮುರಿದರು. ಪ್ರವಾಸಿಗರು ಮಾತ್ರ ಈಗಲೂ ಊರನ್ನು ಬಳಸಿಕೊಂಡು ಮುಂದೆ ಸಾಗುತ್ತಾರೆ. ಆದರೆ ಗುಂಡ್ಲುಪೇಟೆಗೆ ಇಲ್ಲದ ಒಂದು ಸೌಲಭ್ಯ ಇಲ್ಲಿದೆ. ಮೈಸೂರಿನಿಂದ 61 ಕಿ.ಮೀ. ಬಂದು ರೈಲು ಇಲ್ಲಿ ಕೊನೆಗೊಳ್ಳುತ್ತದೆ. ಮೂರನೆಯ ಕೃಷ್ಣರಾಜ ಒಡೆಯರು 1826ರಲ್ಲಿ ಕಟ್ಟಿಸಿದ ಚಾಮರಾಜೇಶ್ವರ ದೇವಾಲಯವಿದೆ. 2016ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನಿಂದಾಗಿ ರೋಗಿಗಳ ಕಡೆಯವರಿಗೆ ಅಗ್ಗದ, ಚೊಕ್ಕಟವಾದ ಕೊಠಡಿ ದಿನನಿತ್ಯದ ಅಗತ್ಯವಾಗಿದೆ. ಇಲ್ಲಿ ಕಡಿಮೆ ದರದ ಒಳ್ಳೆಯ ಹೋಟೆಲುಗಳು ಬೆಳೆದರೆ, ಕಾರಿಲ್ಲದ ವಿದ್ಯಾರ್ಥಿಯೂ ರೈಲಿನಲ್ಲಿ ಬಂದು, ಪೇಟೆಯಲ್ಲಿ ತಂಗಿ, ಬಸ್ಸಿನಲ್ಲಿ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಸಂಜೆಯೊಳಗೆ ಮರಳಬಹುದು.

ಬೆಟ್ಟದ ಮೇಲೆಯೇ ಹೊಸ ವಸತಿಗಳು ಏಳುವುದಕ್ಕಿಂತ ಇದು ಮೇಲು. ಬಿಳಿಗಿರಿರಂಗನ ಬೆಟ್ಟವು 2011ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಅಲ್ಲಿಯ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಗಳೂ ದೊರೆತವು. ಬೆಟ್ಟದಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುವುದಾದರೆ ಅದನ್ನು ತೀರ್ಮಾನಿಸಬೇಕಾದವರು ಪೋಡುಗಳ ಗ್ರಾಮಸಭೆಗಳೇ ಹೊರತು ಬೆಂಗಳೂರಿನ ಹೂಡಿಕೆದಾರರಲ್ಲ.

ಹೊಸ ಹೋಟೆಲುಗಳು ಅಲಂಕಾರಕ್ಕೆ ಮಹತ್ವ ಕೊಡುತ್ತವೆ. ಅದೂ ಒಳ್ಳೆಯದಕ್ಕೆ ಒದಗಬಹುದು. ಮಲೆಮಹದೇಶ್ವರ ಬೆಟ್ಟದಲ್ಲಿ ಏಟ್ರೀ ಸಂಸ್ಥೆಯ ನೆರವಿನಿಂದ ಸೋಲಿಗ ಕುಶಲಕರ್ಮಿಗಳು ಲಂಟಾನದ ಕಡ್ಡಿಗಳಿಂದ ಕುರ್ಚಿ, ಮೇಜುಗಳನ್ನು ಹೆಣೆಯುವುದನ್ನು ಕಲಿತು ಎರಡು ದಶಕಗಳಾದವು. ಬಂಡೀಪುರದ ನೆಲವನ್ನು ಕವಿದು ಹುಲ್ಲು ಬೆಳೆಯದಂತೆ ಮಾಡಿರುವ ಕಳೆ ಇದೇ ಲಂಟಾನ. ಪ್ಲೈವುಡ್ಡಿನ ಪೀಠೋಪಕರಣದ ಬದಲು ಇದನ್ನು ಕೊಂಡರೆ ಹೋಟೆಲಿನ ಮೊಗಸಾಲೆಗೆ ಹೊಸತನ ಬರುತ್ತದೆ, ಹೆಣೆದವರ ಕೈಗೆ ಕಾಸು ಬರುತ್ತದೆ.

ಮಾಡಬೇಕಾದ್ದೇನು?

ಬೇಡಿಕೆಗಳು ದೊಡ್ಡವಲ್ಲ. ಪರಿಸರ ಸೂಕ್ಷ್ಮ ವಲಯದಲ್ಲಿ ಮಾಲೀಕನ ವಾಸವಿಲ್ಲದ ಹೊಸ ವಾಣಿಜ್ಯ ವಸತಿಗೆ ಪರವಾನಗಿ ನಿಲ್ಲಬೇಕು. ರೈತ ಕುಟುಂಬಗಳ ನಿಜವಾದ ಹೋಂಸ್ಟೇಗಳಿಗೆ ಪರವಾನಗಿ ಸರಳವಾಗಬೇಕು; ಹುಲ್ಲುಹಾಸು, ಈಜುಕೊಳ, ಶಿಬಿರಾಗ್ನಿ ಇರಬಾರದೆಂಬುದು ಅದರ ಷರತ್ತಾಗಬೇಕು. ಗುಂಡ್ಲುಪೇಟೆ ಮತ್ತು ಚಾಮರಾಜನಗರಗಳಲ್ಲಿ ಹೋಟೆಲು ಕಟ್ಟುವವರಿಗೆ ಮಳೆನೀರು ಸಂಗ್ರಹ, ಸ್ನಾನದ ನೀರಿನ ಮರುಬಳಕೆ, ಸೌರ ಹೀಟರು ಇವು ಕಾಗದದ ಮೇಲಷ್ಟೇ ಇರದೆ ತಪಾಸಣೆಗೆ ಒಳಪಡಬೇಕು.

ತೆರಿಗೆಯ ವಿಷಯವನ್ನೂ ಯೋಚಿಸಬೇಕು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಎಲ್ಲ ಹೋಟೆಲು ಕೊಠಡಿಗಳಿಗೂ ಸರಕು ಮತ್ತು ಸೇವಾ ತೆರಿಗೆ ಶೇಕಡಾ 5. ಪೇಟೆಯ 1,500 ರೂಪಾಯಿಯ ಕೊಠಡಿಗೂ ಕಾಡಂಚಿನ 7,000 ರೂಪಾಯಿಯ ಕುಟೀರಕ್ಕೂ ದರ ಒಂದೇ. ಹುಲಿ ನೆಲೆಗಳ ಸುತ್ತಲಿನ ವಸತಿ ಉದ್ಯಮದಿಂದ ಸಂರಕ್ಷಣಾ ಶುಲ್ಕ ಪಡೆದು ಸ್ಥಳೀಯ ಜನರಿಗಾಗಿ ಬಳಸುವ ವಿಚಾರ 2012ರ ಮಾರ್ಗಸೂಚಿಗಳಲ್ಲೇ ಇದೆ. ಕಾಡಿಗೆ ಹತ್ತಿರವಾದಷ್ಟೂ ಹೆಚ್ಚುವ ಶುಲ್ಕವನ್ನು ರಾಜ್ಯ ಸರ್ಕಾರ ವಿಧಿಸಲಿ. ಅದರಿಂದ ಬಂದ ಹಣ ಆನೆ ತುಳಿದ ಹೊಲದ ಪರಿಹಾರಕ್ಕೆ ನೇರವಾಗಿ ಸಲ್ಲಲಿ. ಕಾಡಿನ ನೋಟದ ಲಾಭದಲ್ಲಿ ಕಾಡಿನ ನಷ್ಟ ಹೊತ್ತವನಿಗೂ ಆಗ ಒಂದು ಪಾಲು ದೊರೆಯುತ್ತದೆ.

ಪ್ರವಾಸಿಗನ ಪಾಲಿನ ಕೆಲಸ ಇನ್ನೂ ಸುಲಭ. ಬಾಟಲಿಯನ್ನು ಮನೆಯಿಂದ ತರುವುದು, ಹಾಸನ್ನು ದಿನವೂ ಬದಲಿಸಬೇಡಿ ಎನ್ನುವುದು, ಊರಿನ ಹೋಟೆಲಿನಲ್ಲಿ ಉಣ್ಣುವುದು, ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸದಿರುವುದು ಇಷ್ಟೇ. ಕಾಡಿನ ಅಂಚಿನಲ್ಲೇ ಮಲಗಿದರೆ ಕಾಡನ್ನು ಹೆಚ್ಚು ಕಂಡಂತೆ ಎಂಬ ಭ್ರಮೆಯನ್ನು ಬಿಡುವುದು ಎಲ್ಲಕ್ಕಿಂತ ಮುಖ್ಯ. ರಾತ್ರಿಯ ಕಾಡಿಗೆ ಮನುಷ್ಯ ಬೇಕಾಗಿಲ್ಲ. ಗೇಟು ಬಿದ್ದ ಮೇಲೆ ಬಂಡೀಪುರದಲ್ಲಿ ಕತ್ತಲೆ ಉಳಿಯಬೇಕು, ಗುಂಡ್ಲುಪೇಟೆಯಲ್ಲಿ ದೀಪ ಉರಿಯಬೇಕು. ಕತ್ತಲೆ ಮತ್ತು ದೀಪಗಳ ಜಾಗ ಅದಲುಬದಲಾಗದಂತೆ ನೋಡಿಕೊಳ್ಳುವ ಹೊಣೆ ಸರ್ಕಾರದ್ದಷ್ಟೇ ಅಲ್ಲ, ಕೊಠಡಿ ಕಾಯ್ದಿರಿಸುವ ಪ್ರತಿಯೊಬ್ಬರದ್ದೂ ಹೌದು.